ಹದಿನಾಲ್ಕು ದಿನದ ಮಾತ್ರೆಗೆ ಬೆಟ್ಟಸ್ವಾಮಿಯ ಕಾವಲು

ಬೆಳಗಿನ ಐದೂವರೆ. ನಂಜನಗೂಡಿನ ಸಣ್ಣ ನರ್ಸಿಂಗ್ ಹೋಮೊಂದರ ಹಿಂಬದಿಯ ಕೋಣೆಯಲ್ಲಿ ಬೆಟ್ಟಸ್ವಾಮಿ ಉದ್ದನೆಯ ಕಪ್ಪು ಕೊಳವೆಯೊಂದನ್ನು ತೊಳೆಯುತ್ತಿದ್ದಾರೆ. ಬೆರಳು ದಪ್ಪದ ಈ ಕೊಳವೆಯ ತುದಿಯಲ್ಲಿ ದೀಪವಿದೆ. ಬಾಯಿಂದ ಇಳಿಸಿ ಹೊಟ್ಟೆಯೊಳಗಿನ ಹುಣ್ಣು ನೋಡುವ ಎಂಡೋಸ್ಕೋಪ್ ಇದು. ಅದರ ಒಳರಂಧ್ರಕ್ಕೆ ಬ್ರಷ್ ತೂರಿಸಿ ಎಳೆಯುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಮತ್ತೆ ತೂರಿಸುತ್ತಾರೆ.

“ಒಬ್ರ ಒಟ್ಟೇಲಿರೋ ಉಳ ಇನ್ನೊಬ್ರಿಗೆ ಓಗ್ಬಾರ್ದಲ್ವಾ ಸಾ? ಈ ಕೆಲ್ಸದಲ್ಲಿ ಅರ್ಜೆಂಟು ಅನ್ನಂಗಿಲ್ಲ.”

ಗುರುವಾರ, ಭಾನುವಾರ ಸೇರಿ ಇಲ್ಲಿ ವಾರಕ್ಕೆ ಎಂಟು ಹತ್ತು ಮಂದಿಯ ಹೊಟ್ಟೆ ಪರೀಕ್ಷೆ ನಡೆಯುತ್ತದೆ. ಕೊಳವೆ ಇಳಿಸುವವರು ಡಾ. ಬಸವಪ್ರಸಾದ್. ಹೆದರಿ ಕೊಸರಾಡುವ ರೋಗಿಯ ತಲೆ ಹಿಡಿದು “ಮೂಗಿನಲ್ಲೇ ಉಸ್ರಾಡವ್ವ, ಆಯ್ತು, ಆಯ್ತು” ಎನ್ನುವವರು ಅಟೆಂಡರ್ ಬೆಟ್ಟಸ್ವಾಮಿ. 1997ರಿಂದ ಈ ಏಳು ವರ್ಷಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ತಲೆಗಳು ಆ ಕೈಗಳಲ್ಲಿ ಒರಗಿವೆ.

ಆ ಭಯ ಅವರಿಗೆ ಗೊತ್ತು. ಹೆಡತಲೆ ಎಂಬ ಊರಿನ ಬೆಟ್ಟಸ್ವಾಮಿ ಮೊದಲು ಟಿ. ನರಸೀಪುರದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವರು. ಇಪ್ಪತ್ತೆಂಟನೇ ವಯಸ್ಸಿಗೇ ಹೊಟ್ಟೆ ಉರಿ ಹಿಡಿಯಿತು.

“ಎಂಡ್ರು ಸಾರಿಗೆ ಖಾರ ಆಕೋದೇ ಬುಟ್ಬುಟ್ಲು. ಆರು ವರ್ಸ ಬರೀ ಮೊಸರನ್ನ. ಕಂಡೋರೆಲ್ಲ ಚಿಂತೆ ಮಾಡ್ಬ್ಯಾಡ ಅನ್ನೋರು. ನಂಗಿದ್ದ ಚಿಂತೆ ಒಟ್ಟೇದೊಂದೇ!”

1996ರಲ್ಲಿ ಗಿರಣಿಯಲ್ಲೇ ರಕ್ತ ಕಾರಿಕೊಂಡು ಬಿದ್ದರು. ಆಗಷ್ಟೇ ನಂಜನಗೂಡಿಗೆ ಬಂದಿದ್ದ ಬಸವಪ್ರಸಾದ್, ಬೆಟ್ಟಸ್ವಾಮಿಯ ಹೊಟ್ಟೆಯ ಒಳಪದರದಿಂದ ಸಾಸಿವೆಯಷ್ಟು ಚೂರು ತೆಗೆದು ಹಳದಿ ದ್ರಾವಣಕ್ಕೆ ಹಾಕಿದರು. ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿತು, ಒಳಗೆ ರೋಗಾಣು ಇರುವುದರ ಗುರುತು ಅದು. ಹುಣ್ಣಿಗೆ ಕಾರಣ ಖಾರವೂ ಅಲ್ಲ, ಚಿಂತೆಯೂ ಅಲ್ಲ, ಹೊಟ್ಟೆಯ ಗೋಡೆಯಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾ! ಎರಡು ವಾರದ ಮಾತ್ರೆಗೆ ಆರು ವರ್ಷದ ಕಾಯಿಲೆ ಮಣಿಯಿತು. ಮರುವರ್ಷ ವೈದ್ಯರಿಗೆ ಒಬ್ಬ ಆಳು ಬೇಕಾದಾಗ ಬೆಟ್ಟಸ್ವಾಮಿ ತಾವಾಗಿಯೇ ಬಂದು ನಿಂತರು.

ಇಲ್ಲಿ ಅವರ ಕಣ್ಣಿಗೆ ಒಂದು ಸಂಗತಿ ಬಿತ್ತು. ಗುಣವಾಗದೆ ವಾಪಸು ಬರುವವರಲ್ಲಿ ಹೆಚ್ಚಿನವರು ಐದಾರು ದಿನಕ್ಕೇ ಮಾತ್ರೆ ಬಿಟ್ಟಿರುತ್ತಿದ್ದರು. ನೋವು ನಿಂತಿತಲ್ಲ ಎಂದು ಕೆಲವರು, ಬಾಯಿ ಕಹಿ ಎಂದು ಕೆಲವರು. ಯಾರೂ ಹೇಳದಿದ್ದರೂ ಬೆಟ್ಟಸ್ವಾಮಿ ಬಿಡುವಿನ ದಿನಗಳಲ್ಲಿ ಹಳೆಯ ಮೊಪೆಡ್ ಹತ್ತಿ ಬಿಳಿಗೆರೆ, ನರಸೀಪುರದ ಕಡೆಯ ಹಳ್ಳಿಗಳಿಗೆ ಹೊರಟರು. ಖಾಲಿ ಮಾತ್ರೆಪಟ್ಟಿ ತೋರಿಸದೆ ಅವರಿಂದ ತಪ್ಪಿಸಿಕೊಳ್ಳುವಂತಿಲ್ಲ. ಬೀಡಿ ಹುಣ್ಣು ಮಾಯಲು ಬಿಡದು, ಕೊಳಕು ನೀರಿನಿಂದ ಬ್ಯಾಕ್ಟೀರಿಯಾ ಮತ್ತೆ ಹೊಟ್ಟೆ ಸೇರಬಹುದು; ಹಾಗಾಗಿ ಬೀಡಿ ಸೇದುತ್ತೀರಾ, ಕುಡಿಯುವ ನೀರು ಎಲ್ಲಿಯದು ಎಂದೂ ಕೇಳುತ್ತಾರೆ.

ಮಂಚಮ್ಮನ ಕಥೆ ಮಾತ್ರ ಬೇರೆ. ನರಸೀಪುರದ ಈ ಅರವತ್ತರ ಅಜ್ಜಿ 2001ರಲ್ಲಿ ಮಾತ್ರೆಗಳನ್ನು ಲೆಕ್ಕ ತಪ್ಪದೆ ನುಂಗಿದ್ದರು. ಆದರೂ ಮೂರೇ ತಿಂಗಳಿಗೆ ರಕ್ತ ವಾಂತಿಯಾಗಿ ವಾಪಸು ಬಂದರು. ಇದಲ್ಲದೆ ಬೇರೆ ಮಾತ್ರೆ ಏನಾದ್ರೂ ತಗೊಳ್ತಿದ್ದೀರಾ ಎಂದು ವೈದ್ಯರು ಎರಡು ಸಲ ಕೇಳಿದರೂ ಅಜ್ಜಿ ಇಲ್ಲವೆಂದರು. ಮೈಸೂರಿಗೆ ಕಳಿಸಿ ಆಪರೇಷನ್ ಮಾಡಿಸುವ ಮಾತು ಬಂತು. ಸಂಜೆ ಅಜ್ಜಿ ಎಲೆ ಅಡಿಕೆ ಚೀಲ ಬಿಚ್ಚಿದಾಗ ಪಕ್ಕದಲ್ಲಿದ್ದ ಬೆಟ್ಟಸ್ವಾಮಿಗೆ ಕಾಗದದಲ್ಲಿ ಸುತ್ತಿದ ಕೆಂಪು ಗುಳಿಗೆಗಳು ಕಂಡವು.

“ಇದೇನವ್ವ?”

“ಅದು ಔಸ್ದಿ ಅಲ್ಲ ಕಣಪ್ಪ, ಮಂಡಿ ನೋವಿಂದು. ಅಂಗ್ಡೀಲಿ ಕೊಡ್ತಾರೆ. ದಿನಾ ಎರಡು.”

ಬೆಟ್ಟಸ್ವಾಮಿ ಪೊಟ್ಟಣ ಹಿಡಿದು ವೈದ್ಯರ ಕೋಣೆಗೆ ಓಡಿದರು. ನೋವಿನ ಗುಳಿಗೆ ತಾನೇ ಹೊಟ್ಟೆ ಕೊರೆಯುತ್ತದೆ, ಬ್ಯಾಕ್ಟೀರಿಯಾ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಮತ್ತೆ ಪರೀಕ್ಷಿಸಿದರೆ ಬ್ಯಾಕ್ಟೀರಿಯಾ ಕೂಡ ಸತ್ತಿರಲಿಲ್ಲ. ವೈದ್ಯರು ನೋವಿನ ಗುಳಿಗೆ ಬಿಡಿಸಿ, ರಕ್ತ ನಿಂತ ಮೇಲೆ ಬ್ಯಾಕ್ಟೀರಿಯಾಗೆ ಬೇರೆ ಬಗೆಯ ಮಾತ್ರೆ ಶುರುಮಾಡಿದರು.

ದಿನ ಬಿಟ್ಟು ದಿನ ಮನೆಗೆ ಬಂದ ಬೆಟ್ಟಸ್ವಾಮಿಯನ್ನು ಕಂಡು ಅಜ್ಜಿಯ ಮಗ ಕಾಂತರಾಜು ರೇಗಿದ್ದೂ ಉಂಟು: “ಏನ್ಲಾ, ನಮ್ಮವ್ವ ಏನ್ ಕಳ್ಳೀನಾ, ಇಂಗ್ ಕಾಯೋಕೆ?”

“ಬೈಲಿ ಬುಡಿ ಸಾ,” ಎಂದು ಬೆಟ್ಟಸ್ವಾಮಿ ನಗುತ್ತಾರೆ. “ಬೈದೋನ್ಗೇ ಅವ್ವನ್ಗೆ ನೀರು ಕಾಯ್ಸಿ ಕುಡ್ಸೋದು ಕಲಿಸ್ದೆ.”

ಎರಡು ತಿಂಗಳ ಮೇಲೆ ನೋಡಿದಾಗ ಹುಣ್ಣು ಒಣಗಿತ್ತು. ದ್ರಾವಣ ಹಳದಿಯಾಗೇ ಉಳಿಯಿತು. ಆಪರೇಷನ್ ಬೇಕಾಗಲಿಲ್ಲ.

“ನಾನು ಚೀಟಿ ಬರೀತೀನಿ, ಅಷ್ಟೆ,” ಎನ್ನುತ್ತಾರೆ ಬಸವಪ್ರಸಾದ್. “ಅದನ್ನ ಹದಿನಾಲ್ಕನೇ ದಿನದವರೆಗೂ ಮುಟ್ಟಿಸೋದು ಬೆಟ್ಟಸ್ವಾಮಿ.”

ಗುಣವಾದವರು ಸಿಕ್ಕಾಗ ಮಾತನಾಡಿಸುತ್ತಾರೆಯೇ ಎಂದು ಕೇಳುತ್ತೇನೆ. ಬೆಟ್ಟಸ್ವಾಮಿ ಕೈಗವಸು ಕಳಚುತ್ತಾ ಕಳೆದ ವಾರದ ಸಂಗತಿ ಹೇಳುತ್ತಾರೆ. ತಾಂಡವಪುರದ ಹೋಟೆಲೊಂದರಲ್ಲಿ ಎದುರಿಗೆ ಕೂತಿದ್ದ ಮನುಷ್ಯ ಹಿಂದೊಮ್ಮೆ ಇವರ ಕೈ ಹಿಡಿದು ಅತ್ತಿದ್ದವನು. ದೋಸೆಯ ಮೇಲೆ ದೋಸೆ ತರಿಸಿ ತಿಂದು, ಇವರ ಮುಖ ನೋಡಿಯೂ ಮಾತಾಡಿಸದೆ ಎದ್ದು ಹೋದನಂತೆ.

“ಗುರ್ತೇ ಸಿಕ್ಲಿಲ್ಲ ಅವನ್ಗೆ. ನಂಗೇನ್ ಬೇಜಾರಿಲ್ಲ ಸಾ. ಒಟ್ಟೆನೋವು ಮರ್ತೋರೇ ತಾನೆ ನನ್ನೂ ಮರೆಯೋದು.”