ನೀರು ಹಾಕುವ ಮೊದಲು

ಪೆಂಡುರ್ತಿಯ ಹೆಂಗಸರು ಕಮಲಾಕ್ಷಿಗೆ ಇಟ್ಟಿದ್ದ ಹೆಸರು ಆಸಿಡ್ ಅಮ್ಮ. ಪ್ರೀತಿಯಿಂದ ಇಟ್ಟ ಹೆಸರೇ! ಬ್ಯಾಂಕ್ ಆಫೀಸರ್ ರಮಾಕಾಂತನ ಹೆಂಡತಿ, ತುಮಕೂರು ಕಡೆಯವಳು. ಗಂಡನಿಗೆ ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಆಗಿ, ಊರಂಚಿನ ಪೆಂಡುರ್ತಿಯಲ್ಲಿ ಮನೆ ಮಾಡಿದಾಗ ಅವಳಿಗೆ ಗೊತ್ತಿದ್ದ ತೆಲುಗು ಎರಡೇ ಮಾತು: ನೀರಿಗೆ ‘ನೀಳ್ಳು’, ಹಾಲಿಗೆ ‘ಪಾಲು’. ಅಂಥವಳು ನಾಲ್ಕು ವರ್ಷ ಕಳೆಯುವುದರೊಳಗೆ ಊರೂರು ಸುತ್ತಿ, ಗಾಜಿನ ಲೋಟ ಎತ್ತಿ ಹಿಡಿದು, ಅರೆಬರೆ ತೆಲುಗಿನಲ್ಲೇ ಭಾಷಣ ಬಿಗಿಯುವ ಹಾಗಾದಳು ಅಂದರೆ ರಮಾಕಾಂತನಿಗೇ ನಂಬಿಕೆ ಬರುತ್ತಿರಲಿಲ್ಲ.

"ನಮ್ಮನೇಲಿ ಬಾತ್‌ರೂಂ ತೊಳೆಯೋ ಆಸಿಡ್ ಬಾತ್‌ರೂಮಲ್ಲಿ ಮಾತ್ರ ಇರಲ್ಲ ಕಣ್ರೀ," ಅಂತ ಅವನು ಬ್ಯಾಂಕಿನ ಗೆಳೆಯರ ಹತ್ತಿರ ನಗಾಡುತ್ತಿದ್ದ.

ಆ ಆಸಿಡ್ ಅವಳ ಕೈಗೆ ಬಂದದ್ದು ಮೃಣಾಲಿನಿಯವರಿಂದ. ರಿಟೈರ್ ಆದ ಕೆಮಿಸ್ಟ್ರಿ ಲೆಕ್ಚರರ್, ಬಳಕೆದಾರರ ವೇದಿಕೆ ಅಂತ ಹೆಂಗಸರದೊಂದು ಸಂಘ ಕಟ್ಟಿಕೊಂಡಿದ್ದರು. ೧೯೮೮ರ ಮಾತು ಇದು. ತೊಗರಿಬೇಳೆ ಫಳಫಳ ಹಳದಿ ಹೊಳೆಯಲಿ ಅಂತ ಕೆಲವರು ಬಟ್ಟೆಗೆ ಹಾಕುವಂಥ ಬಣ್ಣ ಬೆರೆಸುತ್ತಿದ್ದರು. ಜನ ಹೊಳೆಯುವ ಬೇಳೆಯನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಪರೀಕ್ಷೆ ಮಾಡಿಸೋಣ ಅಂದರೆ ಹತ್ತಿರದಲ್ಲಿ ಲ್ಯಾಬ್ ಇಲ್ಲ, ಸ್ಯಾಂಪಲ್ ದೂರದ ಊರಿಗೆ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ಆ ಬೇಳೆ ಯಾರದೋ ಹೊಟ್ಟೆ ಸೇರಿ ಎಷ್ಟೋ ಕಾಲ ಆಗಿರುತ್ತಿತ್ತು. ಜಿಲ್ಲೆಗೊಂದು ಲ್ಯಾಬ್ ಬೇಕು, ಹಾಸ್ಟೆಲ್ ಮಕ್ಕಳಿಗೆ ಬಣ್ಣವಿಲ್ಲದ ಬೇಳೆಯನ್ನೇ ಕೊಂಡು ಹಾಕಬೇಕು, ಇದನ್ನು ಸರ್ಕಾರ ನಿಯಮ ಮಾಡಬೇಕು. ಇದು ವೇದಿಕೆಯ ಬೇಡಿಕೆ.

ಅಲ್ಲಿಯ ತನಕ ಅಡುಗೆಮನೆಯೇ ಲ್ಯಾಬ್. ಬೇಳೆಯನ್ನು ಬಿಸಿನೀರಲ್ಲಿ ಅಲುಗಾಡಿಸಿ, ಆ ನೀರನ್ನು ಸ್ವಲ್ಪ ಲೋಟಕ್ಕೆ ಬಸಿದು, ನಾಲ್ಕು ಹನಿ ಆಸಿಡ್ ಬಿಡುವುದು. ಗುಲಾಬಿ ಬಣ್ಣ ಬಂದರೆ ಅನುಮಾನ. ಆಮೇಲೆ ಲೋಟದ ತುಂಬ ನೀರು ಸುರಿಯುವುದು. ಗುಲಾಬಿ ಹಾಗೇ ಉಳಿದರೆ ಕಲಬೆರಕೆ. ಮಾಯವಾದರೆ ಬರೀ ಅರಿಶಿನ.

ಮೊದಮೊದಲು ಕಮಲಾಕ್ಷಿ ಎರಡನ್ನೂ ಮಾಡುತ್ತಿದ್ದಳು. ಆದರೆ ಗುಲಾಬಿ ಬಂದ ತಕ್ಷಣ ಹೆಂಗಸರು ‘ಹೋ!’ ಅನ್ನುತ್ತಿದ್ದರಲ್ಲ, ಚಪ್ಪಾಳೆ ಬೀಳುತ್ತಿತ್ತಲ್ಲ, ಆಮೇಲೆ ನೀರು ತಂದು ಸುರಿದು ಕಾಯುವಷ್ಟರಲ್ಲಿ ಎಲ್ಲ ಚಪ್ಪೆ! ಹೇಗೂ ಗುಲಾಬಿ ಉಳಿದೇ ಉಳಿಯುತ್ತಿತ್ತು. ಹಾಗಾಗಿ ಒಂದು ಸಭೆಯಲ್ಲಿ ನೀರು ಬಿಟ್ಟಳು, ಇನ್ನೊಂದರಲ್ಲೂ ಬಿಟ್ಟಳು, ಆಮೇಲೆ ನೀರಿನ ತಂಬಿಗೆ ಒಯ್ಯುವುದನ್ನೇ ಬಿಟ್ಟಳು. ಚಪ್ಪಾಳೆಗೆ ಲೋಟ ಎತ್ತಿ, ಅಲ್ಲಿಗೇ ಮುಗಿಸುವುದು ರೂಢಿಯಾಯಿತು.

ಪೆಂಡುರ್ತಿ ಸ್ಕೂಲ್ ಮೈದಾನದ ಸಭೆಯಲ್ಲೂ ಅಷ್ಟೇ. ಹೆಂಗಸರು ತಂತಮ್ಮ ಮನೆಯ ಬೇಳೆಯನ್ನು ಪೊಟ್ಟಣ ಕಟ್ಟಿ ತಂದಿದ್ದರು. ಒಂದು ಪೊಟ್ಟಣದ ನೀರು ಆಸಿಡ್ ಬಿದ್ದದ್ದೇ ತಡ ಗುಲಾಬಿಯಾಯಿತು. ಚಪ್ಪಾಳೆ! ಕಮಲಾಕ್ಷಿ ಲೋಟವನ್ನು ಬಿಸಿಲಿಗೆ ಹಿಡಿದು, "ಇದು ಯಾವ ಅಂಗಡೀದಮ್ಮಾ?" ಅಂತ ಮೈಕಿನಲ್ಲೇ ಕೇಳಿದಳು.

"ದುರ್ಗಾಂಬಗಾರಿ ಅಂಗಡೀದು!"

ಕಮಲಾಕ್ಷಿ ಎತ್ತಿದ್ದ ಲೋಟವನ್ನು ಕೆಳಗಿಳಿಸಿದಳು. ಯಾಕೆಂದರೆ ದುರ್ಗಾಂಬ ಅಂದರೆ ಅವಳಿಗೆ ಈ ಊರಿನಲ್ಲಿ ಸಿಕ್ಕ ಮೊದಲ ಕನ್ನಡ. ಆಕೆಯ ತಾಯಿ ಬಳ್ಳಾರಿ ಕಡೆಯವರು. ಗಂಡ ತೀರಿಕೊಂಡ ಮೇಲೆ ದುರ್ಗಾಂಬ ರಸ್ತೆ ಪಕ್ಕ ಪುಟ್ಟ ಅಂಗಡಿ ಇಟ್ಟು, ಭೀಮುನಿಪಟ್ಟಣದ ಕಡೆಯ ರೈತರಿಂದ ಪಾಲಿಶ್ ಇಲ್ಲದ ಬೇಳೆ ತರಿಸಿ ಮಾರುತ್ತಿದ್ದಳು. ಟ್ರಾನ್ಸ್‌ಫರ್ ಆದ ಹೊಸದರಲ್ಲಿ ಕಮಲಾಕ್ಷಿ ಅಂಗಡಿ ಮುಂದೆ ನಿಂತು ಕೈಸನ್ನೆಯಲ್ಲಿ ಬೇಳೆ ಕೇಳುತ್ತ ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿಕೊಂಡಾಗ, "ಕನ್ನಡದಾಕೀ ಏನವ್ವಾ ನೀನು? ಬಾಯಿ ಬಿಟ್ಟು ಹೇಳು, ನಾನೇನು ಹುಲಿಯೇನು?" ಅಂತ ನಕ್ಕವಳು ಅವಳು. ಆ ದಿನ ಕಮಲಾಕ್ಷಿಗೆ ಅಂಗಡಿಯಲ್ಲೇ ಕಣ್ಣೀರು ಬಂದಿತ್ತು.

ಈಗ ಮೈದಾನದ ಹೆಂಗಸರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಗೊತ್ತಿದ್ದವರದು ಅಂತ ಮುಚ್ಚಿಟ್ಟರೆ ಸಂಘದ ಮರ್ಯಾದೆ ಏನಾಗಬೇಕು?

"ಯಾರದಾದ್ರೂ ತಪ್ಪು ತಪ್ಪೇ," ಅಂದುಬಿಟ್ಟಳು. ಇನ್ನಷ್ಟು ಚಪ್ಪಾಳೆ ಬಿತ್ತು.

ಮಾರನೆಯ ದಿನದಿಂದ ದುರ್ಗಾಂಬನ ಅಂಗಡಿಗೆ ಯಾರೂ ಹೋಗಲಿಲ್ಲ. ಫುಡ್ ಇನ್‌ಸ್ಪೆಕ್ಟರ್ ಬಂದು ಸ್ಯಾಂಪಲ್ ಸೀಲ್ ಮಾಡಿಕೊಂಡು ಹೋದ. ಯಾರೋ ಬಾಗಿಲಿಗೆ ಸುಣ್ಣದಲ್ಲಿ ‘ವಿಷಂ’ ಅಂತ ಬರೆದರು. ದುರ್ಗಾಂಬ ಕಮಲಾಕ್ಷಿಯ ಮನೆಗೆ ಬಂದು ಗೇಟಿನ ಹೊರಗೇ ನಿಂತಳು.

"ಕಮಲವ್ವಾ, ನಿನ್ನ ಮಕ್ಕಳು ಅದೇ ಬ್ಯಾಳಿ ತಿಂದು ಬೆಳದಾವಲ್ಲವಾ. ನಾನು ಬಣ್ಣ ಹಾಕ್ತೀನೇನವ್ವಾ?"

"ಕಣ್ಣಾರೆ ಕಂಡಿದ್ದು ದುರ್ಗಾಂಬಗಾರೂ. ರಿಪೋರ್ಟ್ ಬರಲಿ, ನೋಡೋಣ."

"ರಿಪೋರ್ಟ್ ಬರೂತನಕ ನಾನು ಏನ್ ತಿನ್ಲಿ?"

ಕಮಲಾಕ್ಷಿ ಒಳಗೆ ಕರೆಯಲಿಲ್ಲ. ಕರೆಯಬೇಕು ಅನ್ನಿಸಿತು, ಆದರೆ ಎದುರು ಮನೆಯವರು ನೋಡುತ್ತಿದ್ದರು.

ಅದಾದ ಕೆಲವೇ ದಿನಕ್ಕೆ ವಿಜಯವಾಡದಿಂದ ಕರೆ ಬಂತು! ಆಹಾರದ ನಿಯಮಗಳ ಬಗ್ಗೆ ಸಾರ್ವಜನಿಕರ ಮಾತು ಕೇಳಲು ಒಬ್ಬ ದೊಡ್ಡ ಅಧಿಕಾರಿ ಬರುತ್ತಾರಂತೆ, ಗವರ್ನರ್‌ಪೇಟೆಯ ಸಭಾಭವನದಲ್ಲಿ ಸಭೆಯಂತೆ. ಮೃಣಾಲಿನಿ ಒಂದು ಕರಪತ್ರ ಅಚ್ಚು ಹಾಕಿಸಿದರು. ಅದರಲ್ಲಿ ಸಿಕ್ಕಿಬಿದ್ದ ಅಂಗಡಿಗಳ ಹೆಸರಿತ್ತು, ಅವುಗಳ ನಡುವೆ ಪೆಂಡುರ್ತಿಯ ದುರ್ಗಾಂಬನದೂ ಇತ್ತು. ಪರೀಕ್ಷೆ ಮಾಡಿ ತೋರಿಸುವವಳು ಕಮಲಾಕ್ಷಿ. ಆ ಅಂಗಡಿಗಳ ಬೇಳೆಯ ಸ್ಯಾಂಪಲ್ ಒಂದೊಂದು ಸೀಸೆಯಲ್ಲಿ ಅವಳ ಬ್ಯಾಗ್ ಸೇರಿತು.

ಹಿಂದಿನ ದಿನವೇ ರೈಲು ಹತ್ತಿ ಅವಳು ತಂಗಿ ಶುಭಾಳ ಮನೆಗೆ ಹೋದಳು. ಶುಭಾ ವಿಜಯವಾಡದ ದುರ್ಗಾಪ್ರಸಾದನನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದಳು, ಅವಳ ಕನ್ನಡಕ್ಕೆ ಆಗಲೇ ಅರ್ಧ ತೆಲುಗು ಮೆತ್ತಿಕೊಂಡಿತ್ತು.

"ಅಕ್ಕಾ, ನಾಳೆ ಏನ್ ಮ್ಯಾಜಿಕ್ ಮಾಡ್ತೀಯೋ ನಂಗೂ ಒಂದ್ಸಲ ಚೂಪಿಸು," ಅಂತ ಬೆಳಿಗ್ಗೆ ಶುಭಾ ದುಂಬಾಲು ಬಿದ್ದಳು.

"ತೋರಿಸ್ತೀನಿ, ನಿನ್ ಬೇಳೆ ಡಬ್ಬ ತಗೊಂಬಾ."

ಡಬ್ಬದ ಮುಚ್ಚಳ ತೆಗೆದರೆ ಹರಳೆಣ್ಣೆಯ ವಾಸನೆ ಘಮ್ಮೆಂದು ಬಂತು. ಅದು ಅಮ್ಮನ ಅಟ್ಟದ ವಾಸನೆ. ಕಮಲಾಕ್ಷಿ ನಗುತ್ತ ಬೇಳೆಯನ್ನು ಬಿಸಿನೀರಿಗೆ ಹಾಕಿ ಅಲುಗಾಡಿಸಿ ಬಸಿದಳು. ನಾಲ್ಕು ಹನಿ ಬಿಟ್ಟಳು.

ಗುಲಾಬಿ!

"ಅಯ್ಯಯ್ಯೋ, ನಮ್ಮನೇಲೂ ವಿಷನಾ?" ಶುಭಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅಕ್ಕಾ, ಪಾಪುಗೆ ನಿನ್ನೇನೂ ಅದೇ ಪಪ್ಪು ತಿನ್ನಿಸಿದ್ದೀನಿ ಕಣೇ!"

ಹೆದರಿಕೆಯಲ್ಲಿ ಅವಳು ಲೋಟ ಕಿತ್ತುಕೊಂಡು ತೊಳೆದುಬಿಡೋಣ ಅಂತ ನಲ್ಲಿಯ ಕೆಳಗೆ ಹಿಡಿದಳು. ನೀರು ತುಂಬಿತು. ಗುಲಾಬಿ ಹೊರಟೇಹೋಯಿತು! ಲೋಟದಲ್ಲಿ ತಿಳಿಹಳದಿ ನೀರು ಏನೂ ಆಗದವರ ಹಾಗೆ ನಿಂತಿತ್ತು.

"ಶುಭಾ, ಬೇಳೆಗೆ ಏನು ಸವರಿದ್ದೀಯೇ?"

"ಏನಕ್ಕಾ, ಅಮ್ಮ ಮಾಡ್ತಿದ್ದಿದ್ದೇ ಕದಾ? ಹುಳ ಹಿಡೀಬಾರ್ದು ಅಂತ ಹರಳೆಣ್ಣೆ, ಅರಿಶಿನ."

ಕಮಲಾಕ್ಷಿ ಅಲ್ಲೇ ಗ್ಯಾಸ್ ಕಟ್ಟೆ ಹಿಡಿದು ನಿಂತಳು. ಎರಡು ಮಳೆಗಾಲದ ಹಿಂದಿನ ಮಾತು ನೆನಪಾಯಿತು. ದುರ್ಗಾಂಬ ಮೂಟೆ ಬಿಚ್ಚಿ, ಸಮುದ್ರದ ತೇವಕ್ಕೆ ಹುಳ ಬಿದ್ದ ಬೇಳೆ ಕೇರುತ್ತ ಬೈದುಕೊಳ್ಳುತ್ತಿದ್ದಳು. ಆಗ ಇವಳೇ ಚೀಲ ಅಲ್ಲಾಡಿಸುತ್ತ ದೊಡ್ಡ ತಿಳಿದವಳ ಹಾಗೆ ಹೇಳಿದ್ದಳು: "ನಮ್ಮ ಕಡೆ ಹರಳೆಣ್ಣೆಗೆ ಅರಿಶಿನ ಕಲಸಿ ಸವರ್ತಾರೆ. ಒಂದ್ಸಲ ಮಾಡಿ ನೋಡಿ, ಹುಳ ಹತ್ರಾನೂ ಸುಳಿಯಲ್ಲ." ಮನೆಯ ಡಬ್ಬಕ್ಕೆ ಹೇಳುವ ಮಾತನ್ನು ಅಂಗಡಿಗೆ ಹೇಳಿ, ಮನೆಗೆ ಬಂದು ಮರೆತೇಬಿಟ್ಟಿದ್ದಳು. ದುರ್ಗಾಂಬ ಮರೆತಿರಲಿಲ್ಲ. ಇವಳ ಮಾತು ನಂಬಿ ಮೂಟೆಗೆ ಮೂಟೆಯೇ ಸವರಿದ್ದಳು.

ಬಾಗಿಲಿಗೆ ಬರೆದ ಸುಣ್ಣದ ಅಕ್ಷರ ಕಣ್ಣ ಮುಂದೆ ಬಂತು. ಅದನ್ನು ತಾನೇ ಬರೆದ ಹಾಗೆ ಅವಳು ಕೈ ನೋಡಿಕೊಂಡಳು.

ಸಭಾಭವನದ ವರಾಂಡದಲ್ಲಿ ಮೃಣಾಲಿನಿಯವರಿಗೆ ಎಲ್ಲ ಹೇಳಿದಳು. ಅವರ ಮುಖ ಬಿಳಿಚಿಕೊಂಡಿತು.

"ನೀರು ಹಾಕಲೇ ಇಲ್ವಾ? ನಾನು ಅಷ್ಟು ಸಲ ಹೇಳಿಕೊಟ್ಟಿದ್ದೆನಲ್ಲಮ್ಮಾ!"

"ಮೊದಲು ಹಾಕ್ತಿದ್ದೆ... ಆಮೇಲೆ ಬಿಟ್ಟೆ."

ಯಾಕೆ ಬಿಟ್ಟೆ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಳಗೆ ಮುಂದಿನ ಸಾಲಿನಲ್ಲಿ ವ್ಯಾಪಾರಿಗಳ ಸಂಘದ ಸೂರ್ಯಪ್ರಕಾಶ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೃಣಾಲಿನಿ ದನಿ ತಗ್ಗಿಸಿದರು.

"ದುರ್ಗಾಂಬನ ಸೀಸೆ ಬ್ಯಾಗಿನಲ್ಲೇ ಇರಲಿ. ಉಳಿದವು ನಾನೇ ಎರಡೆರಡು ಸಲ ನೋಡಿದ್ದು, ಅವು ನಿಜವಾದ ಕಲಬೆರಕೆ. ಅವನ್ನಷ್ಟೇ ತೋರಿಸು. ಸುಳ್ಳೇನೂ ಆಗಲ್ಲವಲ್ಲ? ಈ ಛಾನ್ಸ್ ಹೋದರೆ ಲ್ಯಾಬ್ ಇನ್ನು ಯಾವ ಕಾಲಕ್ಕೋ!"

ಅವರು ಹೇಳಿದ್ದು ನಿಜವೇ. ಆದರೆ ದುರ್ಗಾಂಬನ ಹೆಸರಿದ್ದ ಕರಪತ್ರ ಆಗಲೇ ಪ್ರತಿ ಕುರ್ಚಿಯ ಮೇಲೂ ಇತ್ತು. ಸೂರ್ಯಪ್ರಕಾಶ ಅದರಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದ.

ಕಮಲಾಕ್ಷಿ ವೇದಿಕೆ ಹತ್ತಿದಳು. ಮೊದಲ ಲೋಟ ಗುಲಾಬಿಯಾಯಿತು, ಚಪ್ಪಾಳೆ ಬಿತ್ತು. ಅವಳು ಅಧಿಕಾರಿಯ ಮುಂದಿದ್ದ ನೀರಿನ ಜಗ್ ಎತ್ತಿ ಲೋಟ ತುಂಬಿಸಿದಳು. ಗುಲಾಬಿ ಅಲುಗಲಿಲ್ಲ. ಬ್ಯಾಗಿಗೆ ಕೈ ಹಾಕಿದಳು. ಕೆಳಗಿನಿಂದ ಮೃಣಾಲಿನಿ ಬೇಡ ಅಂತ ತಲೆಯಾಡಿಸಿದ್ದು ಕಂಡಿತು. ಆದರೂ ಸೀಸೆ ಹೊರಗೆ ಬಂತು. ಮತ್ತೆ ಗುಲಾಬಿ, ಇನ್ನೂ ಜೋರು ಚಪ್ಪಾಳೆ! ಆ ಸದ್ದು ನಿಲ್ಲುವ ಮೊದಲೇ ಅವಳು ಜಗ್ ಬಗ್ಗಿಸಿದಳು. ಎಲ್ಲರ ಕಣ್ಣೆದುರೇ ಬಣ್ಣ ಕರಗಿ ಹೋಯಿತು.

"ಇದೇನು?" ಅಂದರು ಅಧಿಕಾರಿ.

"ಅರಿಶಿನ ಸಾರ್. ಪೆಂಡುರ್ತಿಯ ದುರ್ಗಾಂಬಗಾರಿ ಬೇಳೆ. ಇದರಲ್ಲಿ ಕಲಬೆರಕೆ ಇಲ್ಲ. ಅರಿಶಿನ ಸವರಿ ಅಂತ ಹೇಳಿಕೊಟ್ಟವಳೂ ನಾನೇ, ನೀರು ಹಾಕದೆ ಆಕೆ ಹೆಸರು ಕೆಡಿಸಿದವಳೂ ನಾನೇ."

ಸೂರ್ಯಪ್ರಕಾಶ ಗಹಗಹಿಸಿ ನಕ್ಕ. "ನೋಡಿದಿರಾ ಸಾರ್? ಅಡುಗೆಮನೆ ಸೈನ್ಸ್! ನಾಳೆ ನಮ್ಮೆಲ್ಲರ ಅಂಗಡೀನೂ ಹೀಗೇ ಮುಚ್ಚಿಸ್ತಾರೆ ಈ ಅಮ್ಮಗಳು."

"ಮೊದಲನೇ ಲೋಟ ಇನ್ನೂ ಗುಲಾಬಿಯಾಗೇ ಇದೆಯಲ್ಲ, ಅದಕ್ಕೇನಂತೀರಿ?" ಕಮಲಾಕ್ಷಿಯ ತೆಲುಗು ತೊದಲುತ್ತಿತ್ತು. "ನಾನು ತಪ್ಪು ಮಾಡಿದೆ ಸಾರ್, ಅದಕ್ಕೇ ಕೇಳ್ತಿದ್ದೀನಿ. ನಮ್ಮೂರಲ್ಲೇ ಲ್ಯಾಬ್ ಇದ್ದಿದ್ದರೆ ಈ ಹೆಂಗಸಿನ ಬೇಳೆ ಚೊಕ್ಕ ಅಂತ ಯಾವತ್ತೋ ಗೊತ್ತಾಗ್ತಿತ್ತು. ನನ್ನಂಥವಳ ಕೈಗೆ ಆಸಿಡ್ ಯಾಕೆ ಬರಬೇಕಿತ್ತು?"

ಅಧಿಕಾರಿ ಏನೋ ಬರೆದುಕೊಂಡರು. ‘ಪರಿಶೀಲಿಸುತ್ತೇವೆ’ ಅಂದರು. ಅಷ್ಟೇ. ಮಾರನೆಯ ದಿನದ ಪೇಪರಿನಲ್ಲಿ ಬಂದದ್ದು ಸೂರ್ಯಪ್ರಕಾಶನ ಜೋಕು. ವಾಪಸು ರೈಲಿನಲ್ಲಿ ಗೋದಾವರಿ ಸೇತುವೆ ದಾಟುವಾಗ ಮೃಣಾಲಿನಿ, "ಮುಂದಿನ ಸಭೆಗೆ ತಂಬಿಗೆ ನಾನು ತರ್ತೀನಿ," ಅಂದರು.

ಕಮಲಾಕ್ಷಿ ಸ್ಟೇಷನ್ನಿನಿಂದ ನೇರವಾಗಿ ಅಂಗಡಿಗೆ ಹೋದಳು. ಬಾಗಿಲ ಮೇಲಿನ ಅಕ್ಷರವನ್ನು ಯಾರೋ ತಿಕ್ಕಿದ್ದರು, ಆದರೂ ಬೆಳ್ಳಗೆ ಉಳಿದಿತ್ತು. ಬಾಗಿಲಲ್ಲೇ ನಿಂತು ಎಲ್ಲ ಹೇಳಿಕೊಂಡಳು, ಅತ್ತಳು, ಇದೇ ಭಾನುವಾರ ಸ್ಕೂಲ್ ಮೈದಾನದಲ್ಲಿ ಎಲ್ಲರ ಮುಂದೆ ಮತ್ತೆ ಪರೀಕ್ಷೆ ಮಾಡಿ ತೋರಿಸ್ತೀನಿ ಅಂದಳು.

ದುರ್ಗಾಂಬ ತಕ್ಕಡಿ ಒರೆಸುತ್ತಿದ್ದಳು.

"ಬ್ಯಾಡ. ನನ್ನ ಬ್ಯಾಳಿ ಇನ್ನೊಮ್ಮೆ ಗಿಲಾಸಿನ್ಯಾಗ ಹಾಕಬ್ಯಾಡ. ನೀನು ಮಾತಾಡಿದ್ದು ಸಾಕು. ಚೀಲ ಹಿಡ್ಕೊಂಡು ಬಾ. ಮಂದಿ ನೋಡೂ ಹೊತ್ತಿನ್ಯಾಗ ಬಾ. ನಿಂತು ತಗೊಂಡು ಹೋಗು."

ಅವಳು ಕಮಲಾಕ್ಷಿಯ ಹತ್ತಿರ ಆಡಿದ ಕೊನೆಯ ಕನ್ನಡ ಅದು.

ಆಮೇಲೆ ಪ್ರತಿ ವಾರ, ಬಸ್ ಸ್ಟಾಪ್ ತುಂಬಿರುವ ಸಂಜೆಯಲ್ಲಿ, ಕಮಲಾಕ್ಷಿ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ಮನೆಯಲ್ಲಿ ಬೇಳೆ ಉಳಿದಿದ್ದರೂ ಸರಿ. ಮೊದಲು ಎದುರು ಮನೆಯವರು ಬಂದರು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಕೊನೆಗೂ ರಿಪೋರ್ಟ್ ಬಂದು ಬೇಳೆ ಚೊಕ್ಕ ಅಂದಾಗ ಅಂಗಡಿಯಲ್ಲಿ ಆಗಲೇ ಸಾಲು ನಿಲ್ಲುತ್ತಿತ್ತು. ಆ ಸಾಲಿನಲ್ಲಿ ಕಮಲಾಕ್ಷಿಯ ಸರದಿ ಬಂದಾಗ ಮಾತ್ರ ದುರ್ಗಾಂಬ ಎಲ್ಲರಿಗೂ ಕೇಳುವ ಹಾಗೆ, ಅಚ್ಚ ತೆಲುಗಿನಲ್ಲಿ, "ಏಂ ಕಾವಾಲಿ ಮೇಡಂಗಾರೂ?" ಅನ್ನುತ್ತಿದ್ದಳು. ಏನು ಬೇಕು ಅಂತ ಅಷ್ಟೇ. ಅವ್ವ ಇಲ್ಲ, ಕಮಲವ್ವ ಇಲ್ಲ.

ಕಮಲಾಕ್ಷಿಯೂ ತೆಲುಗಿನಲ್ಲೇ ಕೇಳುತ್ತಿದ್ದಳು. ದುರ್ಗಾಂಬ ತೂಗುತ್ತಿದ್ದಳು, ಮುಳ್ಳು ಸರಿಯಾಗಿ ನಿಂತ ಮೇಲೂ ಮೇಲೊಂದು ಚಿಟಿಕೆ ಬೇಳೆ ಹಾಕುತ್ತಿದ್ದಳು, ಚೀಲ ದಾಟಿಸುವಾಗ ಪ್ರತಿ ಸಲ ಅದೇ ಮಾತು:

"ನೀಳ್ಳು ಪೋಸಿ ಚೂಸ್ಕೋಂಡಿ."

ನೀರು ಹಾಕಿ ನೋಡಿಕೊಳ್ಳಿ. ಸಾಲಿನವರು ನಗುತ್ತಿದ್ದರು. ಕಮಲಾಕ್ಷಿ ತಲೆಯಾಡಿಸಿ, ಚೀಲವನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಕ್ಕೆ ಹಿಡಿದುಕೊಂಡು ಮನೆಯ ಕಡೆ ನಡೆಯುತ್ತಿದ್ದಳು.