ಎಂಜಿನ್ನಿನ ಮೂಗು

ರೈಲು ಎಂಜಿನ್ನೊಂದು ಲಾರಿಯ ಮೇಲೆ ಕುಳಿತು ಪರವೂರಿಗೆ ಹೋಗುವುದನ್ನು ನೀವು ನೋಡಿದ್ದೀರೋ ಇಲ್ಲವೋ ನಾನರಿಯೆ. ನಾನು ನೋಡಿದ್ದೇನೆ. ಆನೆಯನ್ನು ಕತ್ತೆಯ ಬೆನ್ನಿನ ಮೇಲೆ ಕೂರಿಸಿ ಮೆರೆಸಿದ್ದರೂ ನಾನು ಅಷ್ಟು ದಿಗ್ಭ್ರಮೆಗೊಳ್ಳುತ್ತಿರಲಿಲ್ಲ. ಆನೆಗೆ ಬೇಸರವಾದರೆ ಇಳಿದು ನಡೆಯುವ ಸ್ವಾತಂತ್ರ್ಯವಾದರೂ ಇರುತ್ತದೆ. ಜೀವಮಾನವೆಲ್ಲ ಊರಿಗೂರನ್ನೇ ಎಳೆದ ಎಂಜಿನ್ನಿಗೆ ಅದೂ ಇರಲಿಲ್ಲ.

ನಾನು ಗಿಣಿಗೇರಾದ ಆಚೆಗಿರುವ ಒಂದು ಸಣ್ಣ ಸ್ಟೇಶನ್ನಿನಲ್ಲಿ ಮಾಸ್ತರನಾಗಿದ್ದು ನಿವೃತ್ತನಾದವನು. ತೊಂಬತ್ತೇಳರ ಸುಮಾರಿಗೆ ನಮ್ಮ ಕಡೆಯ ಸಣ್ಣ ಹಳಿಗಳೆಲ್ಲ ಹೋಗಿ ದೊಡ್ಡ ಹಳಿಗಳು ಬಂದಾಗ, ಪಕ್ಕದ ಹಳಿಯ ಮೇಲೆ ನಿಂತಿದ್ದ ಒಂದು ಉಗಿ ಎಂಜಿನ್ನು ಹಾಗೆಯೇ ಉಳಿದುಬಿಟ್ಟಿತು. ಅದರ ಮುಂದಿನ ಹಳಿಯನ್ನು ಕಿತ್ತರು, ಹಿಂದಿನ ಹಳಿಯನ್ನೂ ಕಿತ್ತರು. ಕಾಲಡಿಯ ಎರಡು ತುಂಡುಗಳನ್ನು ಮಾತ್ರ ಬಿಟ್ಟರು, ಅದೂ ದಯೆಯಿಂದಲ್ಲ, ಎಂಜಿನ್ನು ಮೇಲೆ ಕುಳಿತಿತ್ತೆಂಬ ಕಾರಣದಿಂದ. ಹೊಸ ಹಳಿ ಹತ್ತೇ ಮಾರು ದೂರದಲ್ಲಿ ಫಳಫಳ ಹೊಳೆಯುತ್ತಿತ್ತು. ಆದರೆ ಅದರ ಅಗಲ ಬೇರೆ, ಇದರ ಗಾಲಿಗಳ ಅಗಲ ಬೇರೆ. ಸ್ವಂತ ಮನೆಯ ಬಾಗಿಲನ್ನು ಯಾರೋ ರಾತ್ರೋರಾತ್ರಿ ಬದಲಿಸಿ, ನಿನ್ನ ಕೀಲಿ ನಡೆಯದು ಎಂದರೆ ಹೇಗಾದೀತೋ ಹಾಗೆ.

ಎಂಜಿನ್ನನ್ನು ಗುಜರಿಗೆ ಹಾಕುತ್ತಾರೆಂಬ ಸುದ್ದಿ ಬಂದಾಗ ಮೊದಲು ಗದ್ದಲವೆಬ್ಬಿಸಿದವನು ನಾನು. ಇದನ್ನು ದಾಖಲಿಸಲೇಬೇಕಾಗಿದೆ, ಏಕೆಂದರೆ ಎಂಜಿನ್ನನ್ನು ಗಂಗಾವತಿಯ ಉದ್ಯಾನದಲ್ಲಿ ಇಟ್ಟು ಉಳಿಸಲು ಸಮಿತಿಯೊಂದು ಹುಟ್ಟಿದಾಗ, ಅದರ ಆಮಂತ್ರಣ ಪತ್ರಿಕೆಯಲ್ಲಿ ಪೆಂಡಾಲು ಹಾಕಿದವರ ಹೆಸರಿತ್ತು, ನನ್ನದಿರಲಿಲ್ಲ. ಸಭೆಯಲ್ಲಿ ನನಗೆ ಕೊಟ್ಟ ಕುರ್ಚಿಗೆ ಎಡಗೈ ಇರಲಿಲ್ಲ. ನಾನು ಇವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳುವವನಲ್ಲ. ಸುಮ್ಮನೆ ನೆನಪಿವೆ, ಅಷ್ಟೆ.

ಸಮಿತಿಯ ಅಧ್ಯಕ್ಷರು ಶರಣೇಗೌಡರು, ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರು. ಉದಾರಿಗಳೇ. ಆದರೆ ಯಾವ ಉಪಕಾರ ಮಾಡಿದರೂ ಅದರ ಮೇಲೆ ತಮ್ಮ ತಂದೆಯವರ ಹೆಸರನ್ನು ಬರೆಸದೆ ಬಿಡುವವರಲ್ಲ. ನೀರಿನ ಟಾಕಿ, ಬಸ್ಸಿನ ತಂಗುದಾಣ, ಸ್ಮಶಾನದ ಬೆಂಚು, ಎಲ್ಲೆಲ್ಲಿಯೂ ಆ ದಿವಂಗತರು ನಮ್ಮನ್ನು ಎದುರುಗೊಳ್ಳುತ್ತಾರೆ. ಗೌಡರು ಒಂದು ದಿನ ಬಂದು, ಲಾರಿ ಸಾಗುವ ದಾರಿಯ ಲೆಕ್ಕಕ್ಕೆಂದು ಎಂಜಿನ್ನಿನ ಎತ್ತರವನ್ನು ಟೇಪು ಹಿಡಿದು ಅಳೆಸಿದರು. ನೆಲದಿಂದ ಹೊಗೆಕೊಳವೆಯ ತುದಿಯವರೆಗೆ.

"ಗೌಡ್ರ, ನೆಲದಿಂದ ಅಳೀಬ್ಯಾಡ್ರಿ, ಹಳಿಯಿಂದ ಅಳೀರಿ" ಎಂದೆ. ವರ್ಷಗಟ್ಟಲೆ ಮಳೆಗೆ ಹರಿದು ಬಂದ ಎರೆಮಣ್ಣಿನಲ್ಲಿ ಹಳಿಯ ತುಂಡುಗಳು ಹುಗಿದುಹೋಗಿದ್ದವು. ಗಾಲಿಗಳ ಒಂದು ಗೇಣು ಮಣ್ಣಿನೊಳಗಿತ್ತು.

"ಮಾಸ್ತರ್ರ, ನಿಮ್ಮ ಕಾಲ ಮುಗೀತ್ರಿ. ಈಗ ಲಾರಿ ಕಾಲ ಐತಿ. ನೀವು ಚಾ ಕುಡೀರಿ" ಎಂದರು. ಚಹ ಆರಿತ್ತು.

ಸಾಗಿಸುವ ದಿನ ಬಂತು. ಅಂದಿನ ಮೊದಲ ಆಘಾತ ನನಗೆ ಗೌಡರಿಂದಲ್ಲ, ಹನುಮವ್ವನಿಂದ. ಈಕೆ ನಮ್ಮ ಪ್ಲಾಟ್‌ಫಾರ್ಮಿನಲ್ಲಿ ಮಿರ್ಚಿ ಮಂಡಕ್ಕಿ ಮಾರಿಕೊಂಡೇ ಮುದುಕಿಯಾದವಳು. ಬೆಳಿಗ್ಗೆ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಹರಿವಾಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಹಸಿರು ಕುಪ್ಪಸದ ಕಣ ಇಟ್ಟುಕೊಂಡು ಬಂದಳು. ಅತ್ತೆಮನೆಗೆ ಹೊರಟ ಮಗಳಿಗೆ ತುಂಬುವಂತೆ ಎಂಜಿನ್ನಿಗೆ ಉಡಿ ತುಂಬುವುದಂತೆ! ಎಂಜಿನ್ನಿಗೆ ಸೆರಗಿಲ್ಲವಲ್ಲ, ಎಲ್ಲಿ ತುಂಬುತ್ತಾರೆ ಎಂದು ನಾನು ನೋಡುತ್ತಿರುವಾಗಲೇ, ಬೆಂಕಿಗೂಡಿನ ಬಾಗಿಲು ತೆರೆದು ಅದರೊಳಗೇ ಸುರಿದರು.

ನಾನು ಕಂಗೆಟ್ಟು ಹೋದೆ. ಅಕ್ಕಿಗೆ ಇಲಿ ಬರುತ್ತದೆ, ಅರಿಶಿನದ ತೇವಕ್ಕೆ ತುಕ್ಕು ಬರುತ್ತದೆ, ಇದು ಯಂತ್ರ, ಹೆಣ್ಣುಮಗಳಲ್ಲ, ಎಂದು ಸಾವಧಾನವಾಗಿ, ಸಕಾರಣವಾಗಿ ವಿವರಿಸಿದೆ. ಹನುಮವ್ವ ಪೂರ್ತಿ ಕೇಳಿಸಿಕೊಂಡಳು.

"ಹೌದೇನ್ರಿ? ನಿಮ್ಮ ಹೇಣ್ತಿ ತವರಿಂದ ಬರೂಮುಂದ ಉಡಿ ತುಂಬಿರ್ಲಿಲ್ಲೇನು? ಆಗ ಇಲಿ ಬಂದ್ವೇನ್ರಿ?"

ಹೆಂಗಸರು ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಈಗಲೂ ಗೊತ್ತು.

ಎಂಜಿನ್ನನ್ನು ಲಾರಿಗೆ ಏರಿಸುವುದೆಂದರೆ ಎತ್ತಿ ಇಡುವುದೆಂದು ನಾನು ಭಾವಿಸಿದ್ದೆ. ಇಲ್ಲ, ಎಳೆಯುವುದು. ಮರದ ದಿಮ್ಮಿಗಳನ್ನು ಇಳಿಜಾರಾಗಿ ಪೇರಿಸಿ, ಮೇಲೆ ಹಳಿ ಹಾಸಿ, ಉಕ್ಕಿನ ಹಗ್ಗ ಕಟ್ಟಿ, ಬೆರಳಗಲ ಬೆರಳಗಲವಾಗಿ ಎಳೆಯುತ್ತಾರೆ. ಕಲ್ಲಿದ್ದಲು, ನೀರು ಹೊರುವ ಹಿಂದಿನ ಬಂಡಿಯನ್ನು ಬಿಡಿಸಿ ಮೊದಲೇ ಬೇರೆ ಲಾರಿಯಲ್ಲಿ ಕಳಿಸಿದ್ದರು. ತುಕ್ಕು ಹಿಡಿದ ಗಾಲಿಗಳಿಗೆ ಡಬ್ಬಿಗಟ್ಟಲೆ ಎಣ್ಣೆ ಕುಡಿಸಿದ ಮೇಲೆ ಅವು ಒಮ್ಮೆ ಚೀರಿದವು. ಅದೆಂಥ ಚೀರು! ಯಲಬುರ್ಗಾ, ಕುಷ್ಟಗಿಗಳಿಂದ ಟೆಂಪೋ ಮಾಡಿಕೊಂಡು ನೋಡಲು ಬಂದಿದ್ದ ಜನ, ತಮ್ಮ ತಾಲೂಕುಗಳಲ್ಲಿ ರೈಲನ್ನೇ ಕಾಣದವರು, ಕೂಗು ಹಾಕಿತೆಂದು ಚಪ್ಪಾಳೆ ತಟ್ಟಿದರು. ಅದು ಕೂಗಲ್ಲವೆಂದು ತಿಳಿಸಬೇಕೆಂದುಕೊಂಡೆ. ಬೆಳಗಿನ ವಿವರಣೆಯ ಗತಿ ನೆನಪಾಗಿ ಸುಮ್ಮನಾದೆ.

ಲಾರಿ ಆಮೆಯ ನಡಿಗೆಯಲ್ಲಿ ಹೊರಟಿತು. ಮುಂದೆ ಬಿದಿರು ಹಿಡಿದು ವಿದ್ಯುತ್ ತಂತಿ ಎತ್ತುವವರು, ಹಿಂದೆ ಗೌಡರ ಜೀಪು, ಅದರ ಹಿಂದೆ ಹೆಂಗಸರ ಟ್ರ್ಯಾಕ್ಟರು. ಜೀಪಿನಲ್ಲಿ ನನಗೆ ಜಾಗವಿರಲಿಲ್ಲ. ಟ್ರ್ಯಾಕ್ಟರಿನಲ್ಲಿ ಹನುಮವ್ವನ ಪಕ್ಕ ಕುಳಿತೆ. ಕಾಲುವೆ ದಾಟಿದ ಮೇಲೆ ಎರಡೂ ಕಡೆ ನೀರು ನಿಂತ ಭತ್ತದ ಗದ್ದೆಗಳು. ಅಲ್ಲೊಂದು ಊರಿನ ಬಾಯಲ್ಲಿ ಸ್ವಾಗತ ಕಮಾನು. ಲಾರಿ ನಿಂತಿತು. ಎಂಜಿನ್ನಿನ ಹೊಗೆಕೊಳವೆ ಕಮಾನಿನ ಕೆಳ ಅಂಚಿಗಿಂತ ಒಂದು ಗೇಣು ಮೇಲಿತ್ತು.

ಅದೇ ಗೇಣು. ಎರೆಮಣ್ಣಿನೊಳಗಿದ್ದ ಗೇಣು.

ಗೌಡರ ಎದುರಿಗೆ ಹೋಗಿ ನಿಂತೆ, ಅಷ್ಟೆ.

ಹಿಂದಕ್ಕೆ ಹೊರಳಿಸಲು ಜಾಗವಿಲ್ಲ, ಪಕ್ಕಕ್ಕೆ ಇಳಿಸಿದರೆ ಗದ್ದೆ ನುಂಗುತ್ತದೆ. ಕಮಾನನ್ನು ದಿಟ್ಟಿಸಿ ನೋಡಿದಾಗ ಒಂದು ಸಂಗತಿ ಕಂಡಿತು: ಅಡ್ಡಿಯಾದದ್ದು ಕಾಂಕ್ರೀಟಿನ ತೊಲೆಯಲ್ಲ. ತೊಲೆಯ ಕೆಳಗೆ, ಆಮೇಲೆ ಬೆಸೆದು ಜೋತುಬಿಟ್ಟಿದ್ದ ದೊಡ್ಡ ಕಬ್ಬಿಣದ ಫಲಕ. ಅದರ ಮೇಲೆ ಗೌಡರ ದಿವಂಗತ ತಂದೆಯವರ ಹೆಸರು.

ಗೌಡರು ಬೆವರೊರೆಸಿಕೊಂಡು, ಗ್ಯಾಸು ಕಟರಿನ ಖಾಜಾಸಾಬನನ್ನು ಕರೆದರು. ಅವನು ಫಲಕದ ಕಡೆ ಹೊರಟ.

"ಅಲ್ಲಲ್ಲ, ಅದಲ್ಲೋ. ಮ್ಯಾಲಿನ ಕೊಳವಿ ಕೊಯ್ಯಿ. ಗಂಗಾವತಿಗೆ ಹೋಗಿ ಬೆಸಗಿ ಹಾಕಿದ್ರಾತು."

ಹೊಗೆಕೊಳವೆ ಇಲ್ಲದ ಉಗಿ ಎಂಜಿನ್ನು! ಉಳಿಸಲೆಂದು ಒಯ್ಯುವುದು, ಒಯ್ಯಲೆಂದು ಕೊಯ್ಯುವುದು! ಕನಕಗಿರಿ, ಆನೆಗೊಂದಿಗಳ ಕಡೆ ಮೂಗು ಮುರಿದ ವಿಗ್ರಹಗಳನ್ನು ನೋಡಿದಾಗಲೆಲ್ಲ ನಾನು ಹಳೆಯ ಯುದ್ಧಗಳನ್ನು ನೆನೆದು ಮರುಗುತ್ತಿದ್ದೆ. ಈಗ ನನಗೆ ಬಲವಾದ ಅನುಮಾನವಿದೆ. ಅವುಗಳಲ್ಲಿ ಕೆಲವನ್ನಾದರೂ ಯಾರೋ ಒಂದು ಸಮಿತಿಯವರು ಸುರಕ್ಷಿತ ಸ್ಥಳಕ್ಕೆ ಸಾಗಿಸಿರಬೇಕು.

ನಾನು ವಾದಿಸಿದೆ. ಬೆಸೆದ ಕೊಳವೆ ಮೊದಲಿನ ಕೊಳವೆಯಲ್ಲ ಎಂದೆ, ಅಳತೆಯ ತಪ್ಪು ಅಳೆಸಿದವರದು ಎಂದೆ, ಚಹದ ವಿಷಯವನ್ನೂ ಎತ್ತಿದೆ. "ಅಪ್ಪನ ಹೆಸರು ನಡುಬೀದ್ಯಾಗ ಇಳಸಂದ್ರ ಹೆಂಗ್ರಿ ಮಾಸ್ತರ್ರ?" ಎಂದು ಗೌಡರು ಕೇಳಿದರು. ಆ ಮಾತಿನಲ್ಲಿ ಸೊಕ್ಕಿರಲಿಲ್ಲ. ಖಾಜಾಸಾಬ ಎಂಜಿನ್ನನ್ನೇರಿ ಕಟರಿಗೆ ಬೆಂಕಿ ಹಚ್ಚಿದ.

ಆಗ ಟ್ರ್ಯಾಕ್ಟರಿನಿಂದ ಹನುಮವ್ವ ಇಳಿದು ಬಂದಳು.

"ಏ ಖಾಜಾ, ಇಳಿ ಕೆಳಗ. ಉಡಿ ತುಂಬಿದ ಮಗಳ ಮೂಗು ಕೊಯ್ತೀಯೇನೋ?"

ಖಾಜಾಸಾಬ ತಿರುಗಿ ನೋಡಿದ. "ಉಡಿ ತುಂಬೀರೇನಬೇ?"

"ಬೆಂಕಿಗೂಡಿನ ಬಾಗ್ಲಾ ತಗದು ನೋಡು."

ಅವನು ಎಂಜಿನ್ನಿನ ಹಿಂಬದಿಗೆ ಇಳಿದು, ಬಗ್ಗಿ, ಬಾಗಿಲು ತೆರೆದು ನೋಡಿದ. ಹಸಿರು ಕುಪ್ಪಸದ ಕಣ, ಅಕ್ಕಿ, ಕೊಬ್ಬರಿ. ಕಟರು ಆರಿಸಿದ. "ನನಗೂ ಹೆಣ್ಣುಮಕ್ಳು ಅದಾವ್ರಿ ಗೌಡ್ರ. ನನ್ನ ಕೈಲಿ ಆಗಂಗಿಲ್ಲ. ಬ್ಯಾರೇದಾರನ್ನ ಕರೀರಿ."

ಬೇರೆಯವರು ಯಾರೂ ಮುಂದೆ ಬರಲಿಲ್ಲ. ಕಮಾನಿನ ಊರಿನವರೂ ಅಷ್ಟರಲ್ಲಿ ನೆರೆದಿದ್ದರು. ಅವರಿಗೆ ಎಂಜಿನ್ನಿನ ಚರಿತ್ರೆ ತಿಳಿಯದು, ಆದರೆ ಉಡಿ ತಿಳಿಯುತ್ತದೆ. ಹನುಮವ್ವ ಗೌಡರ ಹತ್ತಿರ ಹೋಗಿ ಮೆತ್ತಗೆ ಹೇಳಿದಳು: "ಗೌಡ್ರ, ಸೊಸಿ ಮನಿಗೆ ಬರೂಮುಂದ ಮಾವ ಬಾಗ್ಲಾಗ ಅಡ್ಡ ನಿಂತಿರ್ತಾನೇನ್ರಿ? ಒಂಚೂರು ಸರಕೊಂಡು ನಿಂದರ್ತಾನ. ನಿಮ್ಮಪ್ಪಾರು ಇದ್ದಿದ್ರ ತಾವ ಸರೀತಿದ್ರು."

ಗೌಡರು ತಲೆ ಎತ್ತಿ ಆ ಹೆಸರನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ಶಾಲನ್ನು ತೆಗೆದು, "ನೆಲಕ್ಕ ಬೀಳಬಾರ್ದಪಾ, ಇದರಾಗ ಹಿಡೀರಿ" ಎಂದರು. ಖಾಜಾಸಾಬ ಫಲಕದ ಬೆಸುಗೆ ಬಿಡಿಸಿದ. ನಾಲ್ವರು ಅದನ್ನು ಶಾಲಿನಲ್ಲಿ ಇಳಿಸಿಕೊಂಡರು. ಶಾಲಿನ ಒಂದು ಮೂಲೆಯನ್ನು ಹಿಡಿಯಲು ನನ್ನನ್ನು ಕರೆದರೆಂಬುದನ್ನೂ ನಾನು ದಾಖಲಿಸಬೇಕು. ಲಾರಿ ಕಮಾನನ್ನು ದಾಟಿತು.

ಹೀಗೆ, ರೈಲಿಗಾಗಿ ಕಾಯುತ್ತಲೇ ಇದ್ದ ಗಂಗಾವತಿಗೆ ಮೊದಲ ಎಂಜಿನ್ನು ಲಾರಿಯ ಮೇಲೆ ಬಂತು. ಚೀಲ ಹಿಡಿದ ಒಬ್ಬ ಮುದುಕ ಜೀಪಿಗೆ ಅಡ್ಡ ಬಂದು, "ಗದಗಕ್ಕ ಹೊಕ್ಕೈತೇನ್ರಿ?" ಎಂದು ಕೇಳಿದ.

ಮುಂದಿನ ನಾಗರ ಪಂಚಮಿಗೆ ಹನುಮವ್ವ ಎಳ್ಳುಂಡಿ, ಶೇಂಗಾದುಂಡಿಗಳ ಡಬ್ಬಿಯೊಂದನ್ನು ತಂದು ನನ್ನ ಕಟ್ಟೆಯ ಮೇಲಿಟ್ಟಳು. "ತವರಿನವ್ರು ಹೋಗಿ ಮಾತಾಡಿಸಿ ಬರಬೇಕ್ರಿ. ಆಕಿಗೆ ನಿಮ್ಮನ್ನ ಬಿಟ್ರ ಅಣ್ಣ ಯಾರದಾನ?" ಇದು ಯಂತ್ರ, ಹೆಣ್ಣುಮಗಳಲ್ಲ ಎಂದು ಸಕಾರಣವಾಗಿ ವಿವರಿಸಲು ಬಾಯಿ ತೆರೆದೆ. ಬಸ್ಸಿನ ಹೊತ್ತಾಗಿತ್ತು.

ಉದ್ಯಾನದ ಬಾಗಿಲಲ್ಲಿ ಕಾವಲುಗಾರ ನನ್ನಿಂದ ಟಿಕೀಟು ಕೇಳಿದ. ಟಿಕೀಟು, ನನ್ನಿಂದ! ಕೊಂಡು ಒಳಗೆ ಹೋದೆ. ಎಂಜಿನ್ನಿಗೆ ಹೊಳೆಯುವ ಕರಿ ಬಣ್ಣ ಬಳಿದಿದ್ದರು. ಅದರ ಮೈಯುದ್ದಕ್ಕೂ, ಈ ತುದಿಯಿಂದ ಆ ತುದಿಯವರೆಗೆ, ಹಳದಿ ಅಕ್ಷರಗಳಲ್ಲಿ ಗೌಡರ ತಂದೆಯವರ ಹೆಸರು!

ಅಲ್ಲಿಯೇ ನಿಂತು ಖಂಡನೆಯ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸತೊಡಗಿದೆ. ಅರ್ಧಕ್ಕೆ ಬಂದಾಗ ತಲೆ ಎತ್ತಿ ನೋಡಿದೆ. ಹೊಗೆಕೊಳವೆ ಆಕಾಶಕ್ಕೆ ನೆಟ್ಟಗಿತ್ತು. ಅದರ ಸುತ್ತ ಎಲ್ಲಿಯೂ ಬೆಸುಗೆಯ ಗೆರೆಯಿರಲಿಲ್ಲ. ವಾಕ್ಯವನ್ನು ಅಲ್ಲಿಗೇ ಬಿಟ್ಟೆ. ಕೊಟ್ಟ ಮನೆಯ ಹೆಸರು ಮಗಳ ಮೈಮೇಲೆ ಬಂದರೆ ತವರಿನವರು ಜಗಳಕ್ಕೆ ನಿಲ್ಲುವುದುಂಟೆ? ಒಂದು ಉಂಡಿಯನ್ನು ಅವಳ ಮುಂಗಾಲಿಯ ಬಳಿ ಇಟ್ಟು, ಉಳಿದವನ್ನು ಕಾವಲುಗಾರನಿಗೆ ಕೊಟ್ಟೆ.

ಹೆಸರು ಯಾರದಾದರೂ ಇರಲಿ. ಮೂಗು ನಮ್ಮದೇ.