ಪಕ್ಕದ ಮೆಷಿನ್ನಿಗೆ ಬಂದವನು

ಮೊದಲು ಚಪ್ಪಲಿ ಹಿಡಿಸದಾಯಿತು. ಬೆಳಿಗ್ಗೆ ಹಾಕಿಕೊಂಡು ಬಂದ ಚಪ್ಪಲಿ ಮಧ್ಯಾಹ್ನಕ್ಕೆ ಪಾದಕ್ಕೆ ಹೋಗಲಿಲ್ಲ. ನಾನು ಪಾಳ್ಯದಲ್ಲಿ ಬಟ್ಟೆ ಹೊಲಿಯುವವಳು. ದಿನವಿಡೀ ಹೊಲಿಗೆ ಮೆಷಿನ್ ತುಳಿದರೆ ಕಾಲು ಊದದೆ ಇನ್ನೇನು ಎಂದು ಸುಮ್ಮನಾದೆ. ಆಮೇಲೆ ಮುಖ ಊದಿತು. ಅನ್ನ ಕಂಡರೆ ವಾಂತಿ.

ಹಾಸನದ ಡಾಕ್ಟರು ರಿಪೋರ್ಟ್ ನೋಡಿ, "ಎರಡೂ ಕಿಡ್ನಿ ಹೋಗಿದೆ ರೀಟಮ್ಮ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು" ಎಂದರು.

"ಎಷ್ಟು ದಿನ ಸಾರ್?"

ಅವರು ಸಕಲೇಶಪುರದ ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟರು.

ಅಂದಿನಿಂದ ಮಂಗಳವಾರ, ಶುಕ್ರವಾರ ಸಕಲೇಶಪುರಕ್ಕೆ ಬಸ್ಸು. ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ನಾಲ್ಕು ಗಂಟೆ ಮಲಗಿ, ನನ್ನದೇ ರಕ್ತ ಪೈಪಿನಲ್ಲಿ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುತ್ತಿರಬೇಕು. ನೀರನ್ನೂ ಅಳೆದು ಕುಡಿಯಬೇಕು. ಇದಕ್ಕೆಲ್ಲ ಒಗ್ಗಿಕೊಂಡೆ. ಒಂದಕ್ಕೆ ಮಾತ್ರ ಒಗ್ಗಿರಲಿಲ್ಲ.

ಐದು ವರ್ಷದ ಹಿಂದೆ ನನ್ನ ಗಂಡ ಸೈಮನ್ ರಸ್ತೆಯಂಚಿನಲ್ಲಿ ನಡೆದು ಬರುತ್ತಿದ್ದಾಗ, ಚಂದ್ರಣ್ಣ ಎಂಬವನು ಕುಡಿದು ಜೀಪು ಓಡಿಸಿ ಗುದ್ದಿ ಕೊಂದ. ಕೆ. ಹೊಸಕೋಟೆ ಕಡೆಯ ಎಸ್ಟೇಟ್ ಯಜಮಾನ. ಕಣ್ಣಾರೆ ಕಂಡವರೆಲ್ಲ ಕಟಕಟೆಯಲ್ಲಿ ಕಂಡಿಲ್ಲ ಎಂದರು. ಅವನು ಬಿಡುಗಡೆಯಾದ. ನಾನು ಅಪೀಲು ಹಾಕಿದೆ. ನಮ್ಮ ಚರ್ಚಿನ ಫಾದರ್ ಮನೆಗೆ ಬಂದು, "ಸೇಡು ತೀರಿಸೋದು ದೇವರ ಕೆಲಸ, ಅವನಿಗೇ ಬಿಟ್ಟುಬಿಡಮ್ಮ" ಎಂದರು. ಅಪೀಲು ಹಾಗೇ ಇರಲಿ ಎಂದು ಸೇಡನ್ನು ಬಿಟ್ಟೆ. ಆದರೆ ಪ್ರತಿ ಭಾನುವಾರ ಪೂಜೆಯಲ್ಲಿ ಮಂಡಿಯೂರಿ, ಯಾವಾಗ ತೀರಿಸುತ್ತೀಯಪ್ಪ ಎಂದು ಕೇಳುತ್ತಲೇ ಇದ್ದೆ. ಅದು ಬಿಟ್ಟಂತಲ್ಲ ಎಂದು ನನಗೇ ಗೊತ್ತಿತ್ತು.

ಕಳೆದ ತಿಂಗಳು ಒಂದು ಶುಕ್ರವಾರ, ಪಕ್ಕದ ಮಂಚಕ್ಕೆ ಹೊಸಬರೊಬ್ಬರನ್ನು ವೀಲ್‌ಚೇರಿನಲ್ಲಿ ತಂದರು.

ಚಂದ್ರಣ್ಣ.

ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಹೊಟ್ಟೆ ತಣ್ಣಗಾಯಿತು. ಜೊತೆಗೆ ಬಂದಿದ್ದ ನಾದಿನಿ ಜೆಸಿಂತಾ ಕಿವಿಯಲ್ಲಿ, "ನೋಡಿದ್ರಾ ಅತ್ಗೆ, ದೇವ್ರು ಬುಡ್ತಾನಾ? ತೋರಿಸ್ಬುಟ್ಟ" ಎಂದಳು.

ಅದನ್ನು ಕೇಳಿದ್ದೇ ಮೈ ಉರಿಯಿತು. "ಅಯ್ಯೋ ಮಾರಾಯ್ತಿ, ಅವನಿಗೆ ಬಂದಿರೋದೇ ನನಗೂ ಬಂದೈತಲ್ಲ. ನಾನ್ಯಾರ್ಗೆ ಜೀಪಲ್ಲಿ ಗುದ್ದಿದ್ದೆ?"

ಅವಳು ಟೀ ಕುಡಿಯಲು ಹೋದಳು. ಕಾಯಿಲೆಯನ್ನು ಶಿಕ್ಷೆ ಎನ್ನುವವರು ಒಂದು ಸಲ ಆ ಕೋಣೆಗೆ ಬಂದು ಮಲಗಲಿ. ಆರು ಮಂಚದಲ್ಲಿ ಪಾಪಿ ಯಾರೆಂದು ಹೇಳಲಿ ನೋಡೋಣ.

ಎರಡನೇ ಗಂಟೆಯಲ್ಲಿ ಚಂದ್ರಣ್ಣ ಆಕಳಿಸತೊಡಗಿದ. ಒಂದರ ಹಿಂದೆ ಒಂದು. ಹಣೆಯಲ್ಲಿ ಬೆವರು. ಹೊಸಬನಿಗೆ ಅದು ನಿದ್ದೆ ಅನಿಸಿರಬೇಕು. ನನಗೆ ಗೊತ್ತಿತ್ತು, ಬಿಪಿ ಬೀಳುತ್ತಿದೆ. ಸಿಸ್ಟರ್ ಆ ತುದಿಯಲ್ಲಿ ಇನ್ನೊಬ್ಬರಿಗೆ ಸೂಜಿ ಚುಚ್ಚುತ್ತಿದ್ದರು.

ನಾನು ಸುಮ್ಮನಿದ್ದೆ.

ದೇವರು ತನ್ನ ಕೆಲಸ ಮಾಡುತ್ತಿದ್ದಾನೆ, ನಾನೇಕೆ ಮಧ್ಯೆ ಬಾಯಿ ಹಾಕಲಿ ಎಂದುಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ, ಅವನ ತುಟಿ ಬಿಳಿಚಿಕೊಳ್ಳುವಷ್ಟು ಹೊತ್ತು. ಆಮೇಲೆ ಒಮ್ಮೆಲೇ ಹೆದರಿಕೆಯಾಯಿತು. ಸೈಮನ್ ಸತ್ತದ್ದನ್ನು ಕಂಡೂ ಕಂಡಿಲ್ಲ ಎಂದವರ ಸಾಲಿನಲ್ಲಿ ನಾನೂ ನಿಂತಿದ್ದೆ.

"ಸಿಸ್ಟರ್! ಇವ್ರಿಗೆ ಬಿಪಿ ಬೀಳ್ತೈತೆ, ಬೇಗ ಬನ್ರೀ!"

ಓಡಿ ಬಂದರು. ಕಾಲು ಎತ್ತರಿಸಿ ಸಲೈನ್ ಬಿಟ್ಟರು. ನಿಧಾನಕ್ಕೆ ಅವನ ಮುಖಕ್ಕೆ ಕಳೆ ಬಂತು. ಕಣ್ಣು ಬಿಟ್ಟು ನನ್ನನ್ನೇ ನೋಡಿದ.

"ನೀವು... ಸೈಮನ್ ಮನೆಯವ್ರಲ್ವಾ?"

"ಹೂಂ, ನಾನೇ."

"ನನ್ನ ಕ್ಷಮಿಸ್ಬುಟ್ರಾ ಅಮ್ಮ?"

"ಇಲ್ಲ ಕಣ್ರೀ. ನೀವು ಸತ್ರೆ ಅಪೀಲೂ ಸತ್ತೋಗ್ತದೆ ಅಂದವ್ರೆ ನಮ್ಮ ಲಾಯರ್. ಬದುಕ್ಕಳ್ರಿ. ಇನ್ನೊಂದ್ಸಲ ಆಕಳಿಕೆ ಬಂದ್ರೆ ಸಿಸ್ಟರನ್ನ ಕರೀರಿ."

ಅವನು ಗೋಡೆ ಕಡೆ ತಿರುಗಿಕೊಂಡ.

ಭಾನುವಾರ ಫಾದರಿಗೆ ಎಲ್ಲ ಹೇಳಿದೆ. ಕೇಸೂ ವಾಪಸ್ ತಗೋಬಹುದಲ್ಲಮ್ಮ ಎಂದರು.

"ಸೇಡು ದೇವ್ರಿಗೇ ಬಿಟ್ಟಿದೀನಿ ಫಾದರ್, ಈ ಸಲ ನಿಜವಾಗ್ಲೂ. ಕೇಸು ಬಿಡಲ್ಲ."

ನನ್ನ ಕಿಡ್ನಿ ವಾಪಸ್ ಬರುವುದಿಲ್ಲ. ಸೈಮನ್ನೂ ಬರುವುದಿಲ್ಲ. ಫಿಸ್ಟುಲಾ ಸರಿಯಾಗಿದೆ, ಬಸ್ಸು ಸಿಗುತ್ತಿದೆ, ಸಣ್ಣಪುಟ್ಟ ಹೊಲಿಗೆ ನಡೆಯುತ್ತಿದೆ. ಅಷ್ಟಕ್ಕೆ ದೇವರಿಗೆ ವಂದನೆ. ಮೊನ್ನೆ ಜಪಸರ ಹಿಡಿದಾಗ ಮೊದಲ ಸಲ ಚಂದ್ರಣ್ಣನ ಹೆಸರು ಹೇಳಿ ಆಯಸ್ಸು ಕೇಳಿದೆ. ಕೋರ್ಟಿನಲ್ಲಿ ನನ್ನೆದುರು ನಿಲ್ಲುವಷ್ಟು ಕೊಡಪ್ಪ ಎಂದೆ. ಅದಕ್ಕಿಂತ ಹೆಚ್ಚು ಕೊಟ್ಟರೂ ನನ್ನ ತಕರಾರಿಲ್ಲ.